ಅತ್ತಿಯ ಹಿಂಡಿಗೆ ಚೀಟಿ ಛಾಪಿಸಿದ್ದು

ನಮ್ಮ ಅತ್ತಿಯವರ ಶೇಂಗಾ ಹಿಂಡಿಗೆ ಸಿಂದಗಿಯ ನಮ್ಮ ಓಣಿಯಲ್ಲಿ ಗಿರಾಕಿಗಳಿರಲಿಲ್ಲ, ಹಕ್ಕುದಾರರಿದ್ದರು. ದಕ್ಷಿಣದವರು ಚಟ್ನಿಪುಡಿ ಅನ್ನುವುದಕ್ಕೆ ನಮ್ಮ ಕಡೆ ಹಿಂಡಿ ಅನ್ನುತ್ತೇವೆ. ಹುರಿದ ಶೇಂಗಾ, ಬಳ್ಳೊಳ್ಳಿ, ಜೀರಿಗೆ, ಖಾರ, ಉಪ್ಪು, ಇಷ್ಟೇ ಅದರ ಸಾಮಾನು. ಆದರೆ ಮಿಕ್ಸರಿನಲ್ಲಿ ತಿರುವಿದ ಹಿಂಡಿಗೂ ಒಳಕಲ್ಲಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿದ ಹಿಂಡಿಗೂ ಸೊಸೆಗೂ ಮಗಳಿಗೂ ಇರುವಷ್ಟು ಅಂತರವಿದೆ ಎಂದು ಅತ್ತಿಯವರು ಹೇಳುತ್ತಿದ್ದರು. ಅದರಲ್ಲಿ ಯಾವುದು ಸೊಸೆ, ಯಾವುದು ಮಗಳು ಎಂದು ನಾನು ಕೇಳಲು ಹೋಗಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ಬಹಳ ದಿನ ಆಗಿರಲಿಲ್ಲ.

ಓಣಿಯವರು ವಾಟಗ, ಬಟ್ಟಲು ಹಿಡಿದು ಬರುತ್ತಿದ್ದರು. ಪುಣೆಗೆ ಹೋಗುವವರು, ಸೋಲಾಪುರಕ್ಕೆ ಹೋಗುವವರು ಹಿಂದಿನ ದಿನವೇ ಡಬ್ಬಿ ತಂದಿಟ್ಟು ಹೋಗುತ್ತಿದ್ದರು. ಅತ್ತಿಯವರು ಒಬ್ಬರಿಗೂ ಇಲ್ಲವೆಂದವರಲ್ಲ. ಮುಂದೆ ಅತ್ತಿಯವರಿಗೆ ಹಿಂಡಿ ಮಾರಬೇಕೆಂಬ ಆಸೆ ಹುಟ್ಟಿದಾಗಲೂ ಸಿಂದಗಿಯಲ್ಲಿ ಮಾರುವ ಮನಸ್ಸಿರಲಿಲ್ಲ. ಕೈಯೆತ್ತಿ ಕೊಟ್ಟದ್ದಕ್ಕೆ ಈಗ ರೊಕ್ಕ ಕೇಳುವುದು ಹೇಗೆ? ಅವರ ಕಣ್ಣಿದ್ದದ್ದು ತವರಾದ ಬಸವನ ಬಾಗೇವಾಡಿಯ ಮೇಲೆ.

"ನಾ ಹುಟ್ಟಿದ ಊರಾಗ ನನ್ನ ಹಿಂಡಿ ಅಂಗಡ್ಯಾಗ ಕುಂತಿರಬೇಕು ನೋಡು," ಎನ್ನುತ್ತಿದ್ದರು. "ನನ್ನ ಜೋಡಿ ಸಾಲಿ ಕಲಿತವ್ರು ಬಂದು ಕೊಂಡು ಒಯ್ಯಬೇಕು."

ಪಡಸಾಲೆಯಲ್ಲಿ ಪೇಪರು ಓದುತ್ತ ಕುಳಿತ ಮಾವನವರು ಪೇಪರು ಇಳಿಸದೆಯೇ ಹೇಳುತ್ತಿದ್ದರು. "ನಾಲ್ಕನೇತ್ತಾಕ ಸಾಲಿ ಬಿಟ್ಟಾಕಿ ನೀ. ನಿನ್ನ ಜೋಡಿ ಕಲಿತಾಕಿ ಒಬ್ಬಾಕಿ ಇದ್ದಿರಬೇಕು. ಆಕಿಗೆ ಒಂದು ಪಾಕೀಟು ಟಪಾಲಿಗೆ ಹಾಕಿದ್ರ ಮುಗೀತು."

ಆ ವರ್ಷ ಒಂದು ಮದುವೆಯ ನೆವದಲ್ಲಿ ನಾನೂ ಅತ್ತಿಯವರೂ ಬಾಗೇವಾಡಿಗೆ ಹೋದಾಗ ಅವರು ಚೀಲದಲ್ಲಿ ಎರಡು ಪಾಕೀಟು ಹಿಂಡಿ ಇಟ್ಟುಕೊಂಡಿದ್ದರು. ಗುಡಿಗೆ ಹೋಗುವ ದಾರಿಯಲ್ಲಿ ಒಂದು ಕಿರಾಣಿ ಅಂಗಡಿ. ಅಂಗಡಿಯವರು ಪಾಕೀಟು ಕೈಗೆ ತೆಗೆದುಕೊಂಡು ಮುಂದೆ ನೋಡಿದರು, ಹಿಂದೆ ನೋಡಿದರು, ಮತ್ತೆ ಅತ್ತಿಯವರ ಮುಂದೆಯೇ ಇಟ್ಟರು.

"ಚೀಟಿ ಎಲ್ಲೈತ್ರಿ ಅವ್ವಾರ?"

"ಚೀಟಿ ಎದಕ್ರಿ? ತಿಂದ ನೋಡ್ರಿ."

"ತಿಂದು ನೋಡೂದು ಗಿರಾಕಿ ಕೆಲ್ಸರಿ. ನಂದು ಚೀಟಿ ನೋಡೂದು. ಇದಕ ಹೆಸರಿಲ್ಲ, ಊರಿಲ್ಲ, ಯಾವಾಗ ಕುಟ್ಟಿದ್ದು ಅಂತಿಲ್ಲ. ಛಾಪಿಸಿದ ಚೀಟಿ ಹಚ್ಚಿ ತರ್ರಿ, ಇಡ್ತೇನಿ. ದೀಪಾವಳಿ ಒಳಗ ತರ್ಬೇಕ ಮತ್ತ. ಆಮ್ಯಾಲ ಈ ಖಾನೆ ಬ್ಯಾರೆಯವ್ರಿಗೆ ಮಾತು ಕೊಟ್ಟೇನಿ." ಅಂಗಡಿಯ ನಡುಗೋಡೆಯಲ್ಲಿ, ಬಂದವರ ಕಣ್ಣಿಗೆ ನೇರ ಬೀಳುವ ಒಂದು ಖಾಲಿ ಖಾನೆಯನ್ನು ಬೆರಳು ಮಾಡಿ ತೋರಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತಿಯವರು ಕಿಟಕಿಯ ಕಡೆಯೇ ಮುಖ ಮಾಡಿದ್ದರು. ಅಂಗಡಿಯವರು ಬೇಡವೆಂದದ್ದಕ್ಕೆ ಸಿಟ್ಟಿರಲಿಲ್ಲ. "ಮೂಸೀನೂ ನೋಡ್ಲಿಲ್ಲಲ್ಲ ಯವ್ವಾ," ಎಂದು ಊರು ಬರುವ ತನಕ ನಾಲ್ಕಾರು ಸಲ ಹೇಳಿದರು.

ಸಿಂದಗಿಯ ಛಾಪಖಾನೆಯವರು ಸಾವಿರಕ್ಕೆ ಕಡಿಮೆ ಛಾಪಿಸುವುದಿಲ್ಲ ಎಂದರು. "ಸಾವಿರ ಚೀಟಿಗಾಗುವಷ್ಟು ಹಿಂಡಿ ಕುಟ್ಟೂದ್ರಾಗ ನನ್ನ ರಟ್ಟಿ ಬಿದ್ದು ಹೋಗ್ತಾವು," ಎಂದು ಅತ್ತಿಯವರು ತಿರುಗಿ ಬಂದರು. ಬಂದವರೇ ಒಳಖೋಲಿಯ ಬಾಗಿಲಲ್ಲಿ ನಿಂತು ನನ್ನ ಪ್ರಿಂಟರನ್ನು, ಕನ್ಯೆ ನೋಡಲು ಬಂದವರ ಹಾಗೆ, ಮೇಲಿಂದ ಕೆಳಗೆ ನೋಡಿದರು.

ನಾನು ಮುದ್ದೇಬಿಹಾಳದ ಮಗಳು. ಸಿಂದಗಿಯ ಒಂದು ಸಣ್ಣ ಶಾಲೆಯಲ್ಲಿ ಕಲಿಸುತ್ತಿದ್ದೆ. ಮದುವೆಯಲ್ಲಿ ತಿಜೋರಿ, ಭಾಂಡೆಗಳ ಜೊತೆ ಕಂಪ್ಯೂಟರೂ ಟೆಂಪೋ ಏರಿ ಬಂದಿತ್ತು. ಪ್ರಶ್ನೆಪತ್ರಿಕೆ ಟೈಪು ಮಾಡಿಕೊಡುವುದು ನನ್ನ ಕೆಲಸವಾದ್ದರಿಂದ ಒಂದು ಪ್ರಿಂಟರೂ ಇತ್ತು. ಬೆನ್ನ ಮೇಲೆ ಉದ್ದನೆಯ ಬಾಯಿ, ಅಲ್ಲಿ ಕಾಗದ ನಿಲ್ಲಿಸಿದರೆ ಒಳಗೆಳೆದುಕೊಂಡು ಮುಂದಿನಿಂದ ಹೊರಗೆ ಬಿಡುವ ಜಾತಿಯದು. ನನ್ನ ಮನೆಯವರು ಇಂಡಿ ಊರಿನಲ್ಲಿ ನೌಕರಿ ಮಾಡುತ್ತಿದ್ದುದರಿಂದ ವಾರಕ್ಕೊಮ್ಮೆ ಬಂದು ಅದರ ಮೇಲಿನ ಧೂಳು ಒರೆಸಿ ಹೋಗುತ್ತಿದ್ದರು. ಕಂಪ್ಯೂಟರಿನ ವಿಷಯದಲ್ಲಿ ಅವರ ಸೇವೆ ಅಷ್ಟೇ.

ಅಷ್ಟರಲ್ಲಿ ಕಂಪ್ಯೂಟರಿಗೆ ವೈರಸ್ ಹತ್ತಿ ಮೊದಲಿದ್ದ ಸಾಫ್ಟ್‌ವೇರು ಏಳದಂತೆ ಮಲಗಿತು. ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ನನ್ನ ತಮ್ಮ ಒಂದು ಸಿಡಿ ಕಳಿಸಿದ. ಲಿನಕ್ಸ್ ಎಂಬ ಬೇರೊಂದು ಸಾಫ್ಟ್‌ವೇರು. ಪರದೇಶದಿಂದ ಅವನಿಗೆ ಅಂಚೆಯಲ್ಲಿ ಬಂದದ್ದು, ಪುಕ್ಕಟೆ.

"ಪುಕ್ಕಟೆ?" ಮಾವನವರು ಅಂದು ಪೇಪರು ಇಳಿಸಿದರು. "ಟಪಾಲ ಖರ್ಚು?"

"ಅದೂ ಅವರದರಿ ಮಾವಾರ."

"ಯಾಕ?"

ಯಾರೋ ಒಂದಿಷ್ಟು ಜನ ಇದನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಯಾರು ಬೇಕಾದರೂ ಬಳಸಬಹುದು, ಒಳಗೆ ಕೈಹಾಕಿ ತಿದ್ದಬಹುದು, ಬೇರೆಯವರಿಗೆ ಕೊಡಬಹುದು ಎಂದು ನನಗೆ ತಿಳಿದಷ್ಟು ಹೇಳಿದೆ. ಮಾವನವರು ಕೇಳಿಸಿಕೊಂಡು ಚಿಂತೆಗೆ ಬಿದ್ದರು.

"ಅವ್ರ ಮನ್ಯಾಗ ಬುದ್ಧಿ ಹೇಳೂ ಹಿರ್ಯಾರು ಯಾರೂ ಇಲ್ಲೇನು?"

ಬಳ್ಳೊಳ್ಳಿ ಸುಲಿಯುತ್ತಿದ್ದ ಅತ್ತಿಯವರು ತಲೆ ಎತ್ತಲಿಲ್ಲ. "ಹೆಪ್ಪು ಇದ್ದಂಗ್ರಿ ಅದು. ಮೊನ್ನೆ ಬಾಜೂ ಮನಿಯಾಕಿ ಬಂದು ಮಸರಿನ ಹೆಪ್ಪು ಒಯ್ದಳು, ರೊಕ್ಕಾ ತಗೊಂಡ್ನೇನು? ನಾಳೆ ನಮ್ಮ ಮನ್ಯಾಗ ಮಸರು ತೀರಿದ್ರ ಆಕಿ ಮನಿದು ತರ್ತೇನಿ. ಮೊದ್ಲಿನ ಹೆಪ್ಪು ಯಾರ ಮನಿದಿತ್ತು ಅಂತ ಯಾರಿಗೆ ಗೊತ್ತೈತಿ? ಊರ ತುಂಬ ಮಸರಾಗೇತಿ ಹೌದಲ್ಲ?"

ಮಾವನವರು ಮತ್ತೆ ಪೇಪರು ಏರಿಸಿದರು. ಮುಂದೆ ಈ ವಿಷಯದ ಮೇಲೆ ದೊಡ್ಡ ದೊಡ್ಡವರು ಬರೆದದ್ದನ್ನು ನಾನು ಓದಿದ್ದೇನೆ. ಆದರೆ ಅತ್ತಿಯವರ ಹೆಪ್ಪಿನಷ್ಟು ಗಟ್ಟಿಯಾಗಿ ಯಾವುದೂ ನನ್ನ ತಲೆಯಲ್ಲಿ ಕೂಡಲಿಲ್ಲ.

ದಸರೆ ಸೂಟಿಯಲ್ಲಿ ಲಿನಕ್ಸ್ ಹಾಕಿದೆ. ಪರದೆ ಚೆಂದಾಗಿ ಬೆಳಗಿತು, ಕನ್ನಡ ಅಕ್ಷರಗಳೂ ಬಂದವು. ಚೀಟಿಯ ಮೇಲೆ ಏನು ಬರೆಯಬೇಕೆಂಬುದಕ್ಕೆ ಮನೆಯಲ್ಲಿ ಒಂದು ಸಭೆಯಾಯಿತು. ಅತ್ತಿಯವರು ತಮ್ಮ ಹೆಸರು ಬೇಡವೆಂದರು, ಮಾವನವರ ಹೆಸರಂತೂ ಬೇಡವೇ ಬೇಡ. "ಬಾಗೇವಾಡಿ ಮಗಳ ಶೇಂಗಾ ಹಿಂಡಿ ಅಂತ ಹಾಕು. ಸಾಕು."

"ಇಷ್ಟು ವರ್ಷ ಉಂಡದ್ದು ಸಿಂದಗಿದು, ಹೆಸರು ಬಾಗೇವಾಡಿದು," ಎಂದರು ಮಾವನವರು. ಆ ಮಾತಿನಲ್ಲಿ ಚೇಷ್ಟೆಯಷ್ಟೇ ಅಲ್ಲದೆ ಒಂದೀಟು ನೋವೂ ಇದ್ದಂತೆ ನನಗೆ ಕೇಳಿಸಿತು. ಅತ್ತಿಯವರಿಗೂ ಕೇಳಿಸಿರಬೇಕು. ಕೆಳಗೆ, ತಾರೀಖಿನ ಪಕ್ಕ, ಸಣ್ಣ ಅಕ್ಷರದಲ್ಲಿ "ಕುಟ್ಟಿದ್ದು ಸಿಂದಗಿಯಲ್ಲಿ" ಎಂದು ಸೇರಿಸಲು ಹೇಳಿದರು.

ಇನ್ನು ಪ್ರಿಂಟರು. ಲಿನಕ್ಸಿನಲ್ಲಿ ನಿನ್ನ ಪ್ರಿಂಟರು ಯಾವುದೆಂದು ಆರಿಸು ಎಂದು ಒಂದು ಉದ್ದನೆಯ ಪಟ್ಟಿ ಬಂತು. ಅದರಲ್ಲಿ ನಮ್ಮದಿರಲಿಲ್ಲ. ನಂಬರು ಹತ್ತಿರವಿದ್ದ ಇನ್ನೊಂದನ್ನು, ಅಡ್ಡಹೆಸರು ಒಂದೇ ಇದ್ದರೆ ಬಳಗದವರೇ ಇರಬೇಕು ಎಂಬ ಧೈರ್ಯದ ಮೇಲೆ ಆರಿಸಿದೆ. ಮೊದಲ ಚೀಟಿ ನೋಡಲು ಅತ್ತಿಯವರು ಕೈತೊಳೆದುಕೊಂಡು ಬಂದು ನಿಂತರು. ಪ್ರಿಂಟರು ಒಂದು ಹಾಳೆ ಎಳೆದುಕೊಂಡು, ಅದರ ನೆತ್ತಿಯ ಮೇಲೆ ಒಂದೇ ಒಂದು ಸಾಲು ಚೌಕ, ಚಿಕ್ಕೆ, ಅಡ್ಡಗೆರೆ ಗೀಚಿ ಹೊರಗೆ ಬಿಟ್ಟಿತು. ಇನ್ನೊಂದು ಎಳೆಯಿತು, ಇನ್ನೊಂದು ಸಾಲು ಗೀಚಿತು. ಮತ್ತೊಂದು. ನಾನು ಗಾಬರಿಯಿಂದ ಬಟನ್ ಒತ್ತಿ ಬಂದ್ ಮಾಡಿದೆ. ಚಾಲೂ ಮಾಡಿದಾಗ ಬಿಟ್ಟಲ್ಲಿಂದಲೇ ಮುಂದುವರಿಸಿತು, ನಮ್ಮ ಮಾವನವರು ತಾವು ಪ್ರಾಯದಲ್ಲಿ ಕುಸ್ತಿ ಹಿಡಿದ ಕಥೆ ಹೇಳುವ ಹಾಗೆ.

ಮಾವನವರು ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದರು. "ಇದರಾಗ ಬಾಗೇವಾಡಿ ಯಾವುದು, ಮಗಳು ಯಾವುದು?"

ತಮ್ಮನಿಗೆ ಫೋನು ಹಚ್ಚಿದೆವು. ಫೋನಿದ್ದದ್ದು ಪಡಸಾಲೆಯಲ್ಲಿ, ಕಂಪ್ಯೂಟರಿದ್ದದ್ದು ಒಳಖೋಲಿಯಲ್ಲಿ, ವಾಯರು ಗಿಡ್ಡ. ಆದ್ದರಿಂದ ಅತ್ತಿಯವರು ರಿಸೀವರು ಹಿಡಿದು ನಿಂತು ಅವನು ಹೇಳಿದ್ದನ್ನು ನನಗೆ ದಾಟಿಸತೊಡಗಿದರು.

"ಕರೀ ಖಿಡಕಿ ತೆಗಿ ಅಂತ ಹೇಳ್ತಾನ ನೋಡು. ತೆಗದಿ? ತೆಗದಾಳಪ ತಮ್ಮಾ. ಅವ್ವ ಹೆಂಗದಾರ? ಮೊಣಕಾಲು ಬ್ಯಾನಿ ಕಡಿಮಿ ಆತೇನು? ಹಾಂ ಹಾಂ, ಹೇಳ್ತೇನಿ. ಬ್ರೌಸರ್‌ದಾಗ ಲೋಕಲ್‌ಹೋಸ್ಟ್ ಅಂತ ಬರದು ಮುಂದ ಆರು, ಮೂರು, ಒಂದು ಹಾಕಬೇಕಂತ. ಇದು ಯಾರ ಮನಿ ನಂಬರೋ ತಮ್ಮಾ?" ಅತ್ತ ಕಡೆಯಿಂದ ಏನೋ ಹೇಳಿದ. ಅತ್ತಿಯವರು ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದರು, "ನಮ್ಮ ಮನಿದ ಅಂತ. ಈ ಕಂಪ್ಯೂಟರ್‌ದ್ದು. ಪ್ರಿಂಟರಿನ ಕಾರಭಾರ ಎಲ್ಲಾ ಅಲ್ಲೇ ನಡೀತೈತಂತ."

ಆ ಕಾರಭಾರದ ಪುಟದಲ್ಲಿ ನನ್ನ ಕೆಲಸ ಸರದಿಯಲ್ಲಿ ನಿಂತಿತ್ತು. ಪ್ರಿಂಟರು ಬಂದ್ ಮಾಡಿದರೂ ಸರದಿ ಅಳಿದಿರಲಿಲ್ಲವಾದ್ದರಿಂದ ಅದು ಮತ್ತೆ ಮತ್ತೆ ಅಲ್ಲಿಂದಲೇ ಎಳೆದುಕೊಳ್ಳುತ್ತಿತ್ತು. ಅದನ್ನು ರದ್ದು ಮಾಡಿದೆ. ತಮ್ಮ ಹೇಳಿದ ಬೇರೊಂದು ಹೆಸರನ್ನು ಆರಿಸಿದೆ. ಪರೀಕ್ಷೆಯ ಹಾಳೆ ಛಾಪಿಸಿದಾಗ ಕೆಂಪು, ಹಸಿರು, ನೀಲಿ ಪಟ್ಟಿಗಳು ಗೆರೆ ಕೊರೆದಂತೆ ಬಂದವು. ಅತ್ತಿಯವರು ಅದನ್ನು ಒಯ್ದು ಅಡುಗೆಮನೆಯ ಗೋಡೆಗೆ ಹಚ್ಚಿದರು. ನನಗೆ ಆ ಹಾಳೆ ನೋಡಿದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು.

ಆದರೆ ಚೀಟಿಗಳನ್ನು ಕೂಡಲೇ ಛಾಪಿಸುವಂತಿರಲಿಲ್ಲ. ಮರುದಿನ ಆಯುಧ ಪೂಜೆ, ಅದರ ಮರುದಿನ ದಶಮಿ. ಆ ಎರಡು ದಿನ ನಮ್ಮಲ್ಲಿ ಯಂತ್ರಗಳನ್ನು ದುಡಿಸುವುದಿಲ್ಲ. ಹಾರೆ, ಈಳಿಗೆ, ಸೈಕಲ್ಲು, ಹೊಲಿಗೆ ಮಷೀನು, ಅವುಗಳ ಸಾಲಿನಲ್ಲಿ ಕಂಪ್ಯೂಟರು, ಪ್ರಿಂಟರು ಎಲ್ಲಕ್ಕೂ ವಿಭೂತಿ ಹಚ್ಚಿ ಹೂ ಏರಿಸಿದೆವು. ದಶಮಿಯ ಸಂಜೆ ಎಲ್ಲರೂ ಬನ್ನಿಗಿಡಕ್ಕೆ ಹೋಗಿ ಬಂದು, ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೈಯಲ್ಲಿಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿಕೊಂಡೆವು. ಅತ್ತಿಯವರು ಉಡಿಯ ತುಂಬ ಬನ್ನಿ ತಂದಿದ್ದರು.

ಏಕಾದಶಿಯ ಮುಂಜಾನೆ ಪ್ರಿಂಟರಿಗೆ ಕಾಗದ ಕೊಟ್ಟೆ. ಗುರ್ ಎಂದು ಎಳೆಯುವ ಸದ್ದು ಬಂತು. ಕಾಗದ ಒಂದು ಸಲ ಅಲುಗಾಡಿ ನಿಂತಿತು. ಕಿತ್ತಳೆ ದೀಪ ಮಿಣಕ್ ಮಿಣಕ್ ಎನ್ನತೊಡಗಿತು. ಪರದೆಯ ಮೇಲೆ, ಪ್ರಿಂಟರ್ ನಿಂತಿದೆ ಎಂಬ ಸುದ್ದಿ ಬಂತು. ನಾನು ಚಾಲೂ ಮಾಡುವುದು, ಅದು ನಿಲ್ಲುವುದು. ಸರದಿ ಅಳಿಸಿದೆ. ಪ್ರಿಂಟರನ್ನು ತೆಗೆದುಹಾಕಿ ಮತ್ತೆ ಸೇರಿಸಿದೆ. ಆಜ್ಞೆ ಬರೆಯುವ ಕರೀ ಖಿಡಕಿ ತೆಗೆದು, ಛಾಪಿಸುವ ವ್ಯವಸ್ಥೆಯನ್ನೇ ಮಲಗಿಸಿ ಎಬ್ಬಿಸಿದೆ. ಕಡೆಗೆ ಇಡೀ ಲಿನಕ್ಸನ್ನು ತೆಗೆದು ಹೊಸದಾಗಿ ಹಾಕಿದೆ. ಕಾಗದ ಮಾತ್ರ ಒಳಗೆ ಹೋಗಲೊಲ್ಲದು.

"ನೋಡ," ಎಂದರು ಮಾವನವರು ಪಡಸಾಲೆಯಿಂದ. "ಪುಕ್ಕಟೆದು."

"ಪುಕ್ಕಟೆದ್ದಕ್ಕ ಏನಾಗೇತ್ರಿ? ಮೊನ್ನೆ ಚಲೋ ಹೊಡದಿತ್ತಲ್ಲ," ಎಂದು ಅತ್ತಿಯವರು ಲಿನಕ್ಸಿನ ಪರವಾಗಿ ವಕಾಲತ್ತು ವಹಿಸಿದರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಕೂಸು ಬಾಯಿ ತೆಗೀವಲ್ದು ನೋಡು. ದೃಷ್ಟಿ ಆಗಿರಬೇಕು. ಆ ಬಣ್ಣದ ಹಾಳೆ ನಾ ಎಲ್ಲಾರಿಗೂ ತೋರ್ಸಬಾರ್ದಿತ್ತು," ಎಂದರು.

ತಮ್ಮನಿಗೆ ಮತ್ತೆ ಫೋನು.

"ಅಕ್ಕಾ, ಮೊನ್ನೆ ನೆಟ್ಟಗಿತ್ತು. ನಡುವ ಏನ ಮಾಡಿದಿ?"

"ಏನೂ ಮಾಡಿಲ್ಲೋ. ದಸರಾ ಮಾಡಿದ್ವಿ."

"ಅದಲ್ಲ. ಕಂಪ್ಯೂಟರಿಗೆ ಏನ ಮಾಡಿದಿ?"

"ಪೂಜಿ ಮಾಡಿದ್ವಿ."

"ಪೂಜಿ ಮಾಡಿದ್ರ ಪ್ರಿಂಟರ್ ಕೆಡೂದಿಲ್ಲ," ಎಂದು ಅವನು ಪಂಡಿತನಂತೆ ಹೇಳಿದ. "ನೀ ಪಟ್ಟ್ಯಾಗ ಆರಿಸಿದ ಡ್ರೈವರ್‌ದ್ದ ತಕರಾರು ಐತಿ. ಲಿನಕ್ಸ್‌ದವ್ರ ಮೇಲಿಂಗ್ ಲಿಸ್ಟಿಗೆ ಬರಿ. ಅಲ್ಲಿ ಮಂದಿ ಭಾಳ ಚಲೋ ಅದಾರ, ಯಾರರೆ ಹೇಳ್ತಾರ."

ಬಸ್‌ಸ್ಟ್ಯಾಂಡಿನ ಹತ್ತಿರ ಆಗಷ್ಟೇ ತೆರೆದಿದ್ದ ನೆಟ್ ಸೆಂಟರಿಗೆ ಹೋಗಿ ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕಷ್ಟ ತೋಡಿಕೊಂಡೆ. ತಮ್ಮ ಹೇಳಿದ್ದು ಸುಳ್ಳಲ್ಲ. ಮುಖ ಕಾಣದ ಜನ ಎಷ್ಟು ಕಳಕಳಿಯಿಂದ ಉತ್ತರ ಕೊಟ್ಟರೆಂದರೆ ನಮ್ಮ ಬೀಗರೂ ಅಷ್ಟು ಕೇಳಿರಲಿಕ್ಕಿಲ್ಲ. ಒಬ್ಬರು, ಈ ಆಜ್ಞೆ ಬರೆದು ಏನು ಬರುತ್ತದೋ ಕಳಿಸಿ ಎಂದರು. ಇನ್ನೊಬ್ಬರು ಯಾವ ಆವೃತ್ತಿ ಎಂದು ಕೇಳಿದರು. ಮತ್ತೊಬ್ಬರು ನಾನು ಆರಿಸಿದ ಡ್ರೈವರು ತಪ್ಪೆಂದರು, ನಾಲ್ಕನೆಯವರು ಅದೇ ಸರಿ ಎಂದರು, ಅವರಿಬ್ಬರ ನಡುವೆ ಸಣ್ಣ ಜಗಳವೂ ಆಯಿತು. ನಾನು ಮನೆಗೆ ಬಂದು ಅವರು ಹೇಳಿದ್ದನ್ನು ಮಾಡುವುದು, ಬಂದದ್ದನ್ನು ಫ್ಲಾಪಿಯಲ್ಲಿ ತುಂಬಿಕೊಂಡು ಮತ್ತೆ ಬಸ್‌ಸ್ಟ್ಯಾಂಡಿಗೆ ನಡೆಯುವುದು. ನೆಟ್ ಸೆಂಟರಿನವರು ನಾನು ಹೋದ ಕೂಡಲೇ, "ಕಾಗದ ತಗೊಂತೇನ್ರಿ ಮೇಡಂ?" ಎಂದು ಆಸ್ಪತ್ರೆಯಲ್ಲಿದ್ದವರನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದರು.

ಇತ್ತ ದೀಪಾವಳಿ ಹತ್ತಿರವಾಗುತ್ತಿತ್ತು. ಅತ್ತಿಯವರು ಹಿಂಡಿ ಕುಟ್ಟಿ ಮುಗಿಸಿದ್ದರು. ಮೇಣಬತ್ತಿಯಿಂದ ಬಾಯಿ ಸುಟ್ಟು ಮುಚ್ಚಿದ ಪಾಕೀಟುಗಳು ದೊಡ್ಡ ಡಬ್ಬಿಯಲ್ಲಿ ಮೈಗೆ ಮೈ ಹಚ್ಚಿ ಕುಳಿತಿದ್ದವು. ಪ್ರಿಂಟರನ್ನು ವಿಜಾಪುರಕ್ಕೆ ಒಯ್ಯೋಣವೆಂದರೆ ರಿಪೇರಿಯವರು ಹಬ್ಬ ಮುಗಿದ ಮೇಲೆ ನೋಡುತ್ತೇವೆ ಎಂದು ಫೋನಿನಲ್ಲೇ ಹೇಳಿಬಿಟ್ಟರು. ಅಲ್ಲಿಯ ತನಕ ಆ ಖಾನೆ ಉಳಿಯುವುದಿಲ್ಲ. ಅತ್ತಿಯವರು ಡಬ್ಬಿಯ ಮುಚ್ಚಳ ತೆಗೆದು ನೋಡುವುದು, ಮುಚ್ಚುವುದು, ಇಷ್ಟೇ ಮಾಡುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಹೋಗ್ಲಿ ಬಿಡು," ಎಂದರು ಒಂದು ದಿನ. "ಇಷ್ಟ ದಿನ ಅಂಗಡ್ಯಾಗ ಇತ್ತೇನು? ಇರ್ಲಿಲ್ಲ. ಇಲ್ಲೇ ಓಣ್ಯಾಗ ಹಂಚಿದ್ರಾತು." ಹಾಗೆ ಹೇಳಿ ಅಡುಗೆಮನೆಗೆ ಹೋದರು. ಮಾ‌ವನವರು ಅಡುಗೆಮನೆಯ ಬಾಗಿಲ ತನಕ ಹೋಗಿ, ನೀರು ಬೇಕಾಗಿತ್ತು ಎಂಬಂತೆ ನಿಂತು, ನೀರು ಕುಡಿಯದೆ ತಿರುಗಿ ಬಂದರು.

ಅದರ ಮರುದಿನ ನೆಟ್ ಸೆಂಟರಿನಲ್ಲಿ ಒಂದು ಹೊಸ ಉತ್ತರ ಬಂದಿತ್ತು. ಎಲ್ಲರ ಉದ್ದುದ್ದ ಪತ್ರಗಳ ಕೆಳಗೆ ಎರಡೇ ಸಾಲು. ನಿಮ್ಮ ಕಂಪ್ಯೂಟರು ಸರಿಯಾಗಿಯೇ ಇರುವಂತೆ ಕಾಣುತ್ತದೆ, ಪ್ರಿಂಟರಿನ ವಾಯರು ಕಿತ್ತು ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಿ. ನಮ್ಮ ಮನೆಯ ಪ್ರಿಂಟರಿನಲ್ಲಿ ಒಮ್ಮೆ ಮಗಳ ಬಣ್ಣದ ಕಡ್ಡಿ ಬಿದ್ದಿತ್ತು ಎಂದು ಬರೆದಿದ್ದರು.

ಮನೆಗೆ ಓಡಿ ಬಂದೆ. ಮಾವನವರು ಒಂದು ಕಡೆ ಹಿಡಿದರು, ನಾನೊಂದು ಕಡೆ. ಕೆಳಗೆ ಚಾಪೆ ಹಾಸಿದೆವು. ಅತ್ತಿಯವರು ಬಾಗಿಲಲ್ಲಿ ನಿಂತು, ಇಷ್ಟು ದಿನ ಇಲ್ಲದ ಗಾಬರಿಯಿಂದ ತಡೆಯತೊಡಗಿದರು. "ಬ್ಯಾಡ್ರಿ, ಬೀಳ್ತೈತಿ. ಪೂಜಿ ಮಾಡಿದ್ದನ್ನ ಹಂಗ ತಲಿಕೆಳಗ ಮಾಡ್ತಾರೇನು? ಕೇಳ್ರಿ ನನ್ನ ಮಾತು."

ತಲೆಕೆಳಗು ಮಾಡಿ ಎರಡು ಸಲ ಜಾಡಿಸಿದೆವು. ಒಳಗೆಲ್ಲೋ ಸರ್ ಎಂದಿತು. ಬೆನ್ನಿನ ಬಾಯಿಯಿಂದ ಒಣಗಿದ ಸಣ್ಣ ಸಣ್ಣ ಎಲೆಗಳು ಚಾಪೆಯ ಮೇಲೆ ಉದುರಿದವು. ಅವುಗಳ ಹಿಂದೆ, ಇನ್ನೊಮ್ಮೆ ಜಾಡಿಸಿದಾಗ, ಮುಳ್ಳು ಸಮೇತ ಒಂದು ಎಳೆಯ ಕಡ್ಡಿ. ಕಾಗದ ಎಳೆಯುವ ಉರುಳಿಗೆ ಅಡ್ಡ ಸಿಕ್ಕಿಕೊಂಡಿದ್ದು ಅದೇ.

ನನಗೆ ಎಲ್ಲ ತಿಳಿಯಿತು. ತಲೆ ಎತ್ತಿ ನೋಡಿದರೆ ಅತ್ತಿಯವರು ಮಾಳಿಗೆಯ ಜಂತಿಗಳನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು.

"ಏನದು?" ಎಂದರು ಮಾವನವರು. ಅವರ ಕನ್ನಡಕ ಪಡಸಾಲೆಯಲ್ಲಿತ್ತು.

ಇದು ಮಾವನವರಿಗೆ ಗೊತ್ತಾದರೆ ಅತ್ತಿಯವರು ಬದುಕಿರುವ ತನಕ ಅವರ ಚೇಷ್ಟೆ ಕೇಳಬೇಕಾಗುತ್ತದೆ ಎಂದುಕೊಂಡು ನಾನು ಎಲೆಗಳನ್ನು ಅವಸರದಿಂದ ಮುಷ್ಟಿಯಲ್ಲಿ ಬಳಿದುಕೊಂಡೆ. "ಏನಿಲ್ರಿ ಮಾವಾರ. ಕಸ ಬಿದ್ದಿತ್ತು."

"ಕಸ?" ಅತ್ತಿಯವರು ಜಂತಿ ಬಿಟ್ಟು ನನ್ನನ್ನು ನೋಡಿದರು. "ಬನ್ನಿಗೆ ಕಸ ಅಂತಿ? ಮಕ್ಕಳಿಗೆ ಪಾಠಾ ಹೇಳಾಕಿ ನೀ."

ಮಾವನವರು ನಿಧಾನವಾಗಿ ಪ್ರಿಂಟರನ್ನು ಮೇಜಿನ ಮೇಲಿಟ್ಟರು.

"ಬನ್ನಿ ಇದರ ಹೊಟ್ಟ್ಯಾಗ ಹೆಂಗ ಹೋತು?"

"ಹೆಂಗ ಹೋಗ್ತೈತಿ? ಕೊಟ್ಟೇನಿ, ಹೋಗೇತಿ." ಅತ್ತಿಯವರು ಸೆರಗು ಸರಿಮಾಡಿಕೊಂಡರು. "ನಿಮಗ ಕೊಟ್ಟೆ, ಸೊಸಿಗೆ ಕೊಟ್ಟೆ, ತಿಜೋರ್ಯಾಗ ಇಟ್ಟೆ. ನನ್ನ ಚೀಟಿ ಛಾಪ್ಸೂದು ಇದು, ಇದಕ ಬ್ಯಾಡೇನು? ಕೈ ಎಲ್ಲೈತಿ ಅಂತ ಹುಡುಕಿದ್ನಿ. ಕಾಗದ ಎಲ್ಲಿ ತಗೋತೈತಿ ಅಲ್ಲೇ ಕೊಟ್ನಿ."

"ಬಂಗಾರದಂಗ ಇರು ಅಂದ್ಯಾ?"

"ಅಂದ್ನಿ ಮತ್ತ. ಸುಮ್ನ ಕೊಡ್ತಾರೇನು?"

"ಅದಕ ನೋಡು," ಎಂದರು ಮಾವನವರು. "ಬಂಗಾರ ಕೈಗೆ ಬಂತು, ಸಾವಕಾರಾತು. ಇನ್ನ ಯಾಕ ದುಡೀತೈತಿ ಅದು?"

ಅವರಿಗೆ ನಗು ಬಂದು ಕೆಮ್ಮು ಹತ್ತಿತು. ಕೆಮ್ಮು ನಿಂತಾಗ ಮತ್ತೆ ನಗು. ಮೊದಮೊದಲು ಬಿಗಿದುಕೊಂಡಿದ್ದ ಅತ್ತಿಯವರ ಮುಖವೂ ಸಡಿಲಾಗಿ, ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಆತುಕೊಂಡರು. ನಾನಂತೂ ಚಾಪೆಯ ಮೇಲೆಯೇ ಕುಳಿತುಬಿಟ್ಟೆ. ನಕ್ಕು ಮುಗಿದ ಮೇಲೆ ಅತ್ತಿಯವರು ನನ್ನ ಮುಷ್ಟಿ ಬಿಡಿಸಿ ಬನ್ನಿಯನ್ನು ಒಂದೂ ಬಿಡದೆ ಸೆರಗಿಗೆ ಹಾಕಿಕೊಂಡರು. ಆಮೇಲೆ ತೀರ್ಪು ಕೊಟ್ಟರು. "ಅಂದಮ್ಯಾಲ ಆ ಪುಕ್ಕಟೆ ಮಂದೀದು ಏನೂ ತಪ್ಪಿಲ್ಲ. ಪಾಪ, ಅಷ್ಟು ಮಂದಿ ತಲಿ ಕೆಡಿಸ್ಕೊಂಡಾರ. ಅವ್ರಿಗೆ ಬರದು ತಿಳಸು."

ಬರೆದೆ. ತೊಂದರೆ ಬಗೆಹರಿದರೆ ಹೇಗೆ ಬಗೆಹರಿಯಿತೆಂದು ಎಲ್ಲರಿಗೂ ತಿಳಿಸಬೇಕೆಂಬುದು ಅಲ್ಲಿಯ ಪದ್ಧತಿಯೂ ಆಗಿತ್ತು. ನಮ್ಮಲ್ಲಿ ಹಬ್ಬದ ದಿನ ಒಂದು ಗಿಡದ ಎಲೆಯನ್ನು ಬಂಗಾರವೆಂದು ಕೊಡುತ್ತೇವೆ, ನಮ್ಮ ಅತ್ತಿ ಪ್ರಿಂಟರಿಗೂ ಕೊಟ್ಟಿದ್ದರು ಎಂದು ವಿವರಿಸಲು ನೆಟ್ ಸೆಂಟರಿನಲ್ಲಿ ಮುಂಜಾನೆಯೆಲ್ಲ ಹಿಡಿಯಿತು. ಡ್ರೈವರಿನ ಮೇಲೆ ಜಗಳಾಡಿದ್ದ ಇಬ್ಬರೂ ಅತ್ತಿಯವರಿಗೆ ನಮಸ್ಕಾರ ತಿಳಿಸಿದರು. ಅವರಿಬ್ಬರೂ ಒಂದೇ ಮಾತು ಹೇಳಿದ್ದು ಅದೊಂದೇ ಸಲ.

ಪ್ರಿಂಟರು ಕಾಗದ ತೆಗೆದುಕೊಂಡಿತು. ಒಂದೊಂದು ಹಾಳೆಯಲ್ಲಿ ಎಂಟೆಂಟು ಚೀಟಿ. ನಡುವೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮೊದಲ ಚೀಟಿಯನ್ನು ಅತ್ತಿಯವರು ಮೈದಾದ ಗಂಜಿ ಬಳಿದು ಪಾಕೀಟಿಗೆ ಒತ್ತಿದರೆ ಶಾಯಿ ಕರಗಿ ಬಾಗೇವಾಡಿ ಹರಿದುಹೋಯಿತು. ಎರಡನೆಯದಕ್ಕೆ ನಾಲ್ಕು ಮೂಲೆಯಲ್ಲಿ ಮಾತ್ರ ಗೋಂದು ಮುಟ್ಟಿಸಿದೆವು. ಮಾವನವರು ಕೈಗೆ ಶೇಂಗಾದ ಎಣ್ಣೆ ತಾಗದಂತೆ ದೂರ ಕುಳಿತು ಕತ್ತರಿಸಿಕೊಟ್ಟರು. "ಕುಟ್ಟಿದ್ದು ಸಿಂದಗಿಯಲ್ಲಿ" ಎಂಬ ಸಾಲು ಕತ್ತರಿಗೆ ಸಿಕ್ಕದಂತೆ ಅವರು ಬಹಳ ಕಾಳಜಿ ವಹಿಸಿದ್ದನ್ನು ನಾನು ನೋಡಿದೆ.

ದೀಪಾವಳಿಗೆ ಇನ್ನು ಕೆಲವೇ ದಿನಗಳಿರುವಾಗ ನಾನೂ ಅತ್ತಿಯವರೂ ಮುಂಜಾನೆಯ ಬಸ್ಸಿಗೆ ಬಾಗೇವಾಡಿಗೆ ಹೋದೆವು. ಚೀಲವನ್ನು ಅತ್ತಿಯವರು ಕಂಡಕ್ಟರರಿಗೂ ಮುಟ್ಟಗೊಡದೆ ತೊಡೆಯ ಮೇಲಿಟ್ಟುಕೊಂಡಿದ್ದರು. ಅಂಗಡಿಯೊಳಗೆ ಕಾಲಿಡುವಾಗ ಇಬ್ಬರ ಕಣ್ಣೂ ನಡುಗೋಡೆಗೆ ಹೋಯಿತು. ಖಾನೆ ಖಾಲಿಯಿತ್ತು.

ಅಂಗಡಿಯವರು ಪಾಕೀಟು ತೆಗೆದುಕೊಂಡರು. ಅವರು ಚೀಟಿ ಓದುವುದನ್ನೇ ನಾನು ಕಾಯುತ್ತಿದ್ದೆ. ಅಕ್ಷರದ ಅಳತೆ, ಸುತ್ತಲಿನ ಗೆರೆ, ಅದಕ್ಕಾಗಿ ಪಟ್ಟ ಪಾಡು ಎಲ್ಲ ನನ್ನ ಕಣ್ಣ ಮುಂದೆ ಬಂದವು. ಅವರು ಪಾಕೀಟನ್ನು ಹಲ್ಲಿಗೆ ಸಿಗಿಸಿ, ಸರಿಯಾಗಿ ಚೀಟಿಯ ನಡುವೆ, ಚರ್ ಎಂದು ಹರಿದರು. ಅಂಗೈಗೆ ಒಂದಿಷ್ಟು ಸುರುವಿಕೊಂಡು ಬಾಯಿಗೆ ಹಾಕಿಕೊಂಡರು.

ನಾನು ಹರಿದ ಚೀಟಿಯನ್ನು ನೋಡುತ್ತಿದ್ದೆ. ಅತ್ತಿಯವರು ಅವರ ದವಡೆಯನ್ನು ನೋಡುತ್ತಿದ್ದರು.

"ಮಿಕ್ಸರ್‌ದಾಗ ಹಾಕಿದ್ದಲ್ಲ ಇದು," ಎಂದರು ಅಂಗಡಿಯವರು ಸ್ವಲ್ಪ ಹೊತ್ತಿನ ಮೇಲೆ.

"ಅಲ್ರಿ. ಕುಟ್ಟಿದ್ದು."

"ಗೊತ್ತಾತು." ಇನ್ನೊಂದು ಚಿಟಿಕೆ ಹಾಕಿಕೊಂಡರು. ಆಮೇಲೆ ಪಾಕೀಟುಗಳನ್ನು ಒಂದೊಂದಾಗಿ ತೆಗೆದು ಆ ಖಾನೆಯಲ್ಲಿ ಜೋಡಿಸಿದರು. ಜೋಡಿಸುತ್ತಲೇ ಹೇಳಿದರು. "ಒಂದು ಮಾತು ಅವ್ವಾರ. ಮುಂದಿನ ಸಲ ಚೀಟಿ ಒಂದೀಟು ಕೆಳಗ ಹಚ್ಚರಿ. ಹರ್ಯಾಕ ತ್ರಾಸ ಆಗ್ತೈತಿ."

"ಆತ್ರಿ," ಎಂದರು ಅತ್ತಿಯವರು, ಬಹಳ ಸಮಾಧಾನದಿಂದ.

ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹಾಕಿದೆ. ತಿರುಗಿ ನೋಡಿದರೆ ಅತ್ತಿಯವರು ಇರಲಿಲ್ಲ. ಎದುರಿನ ಬಳೆ ಅಂಗಡಿಯ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದರು. ಅಲ್ಲಿಂದ ಕಿರಾಣಿ ಅಂಗಡಿಯ ನಡುಗೋಡೆ ನೆಟ್ಟಗೆ ಕಾಣುತ್ತಿತ್ತು.

"ಬಸ್ಸಿನ ಹೊತ್ತಾತ್ರಿ ಅತ್ತಿ."

"ಇರು. ಆಕಿ ಕೈ ಹಾಕ್ಯಾಳ."

ಅಂಗಡಿಗೆ ಬಂದಿದ್ದ ಆ ಹೆಂಗಸು ಪಕ್ಕದ ಖಾನೆಯಿಂದ ಹಪ್ಪಳ ತೆಗೆದುಕೊಂಡು ಹೋದಳು. ಆಮೇಲೊಬ್ಬರು ಬಂದು ಬೀಡಿ ಕೊಂಡರು. ಇನ್ನೊಬ್ಬರು ಹಿಂಡಿಯ ಪಾಕೀಟು ಎತ್ತಿ, ನೋಡಿ, ಮತ್ತೆ ಇಟ್ಟು, ಸಾಬೂನು ಕೊಂಡರು. "ಮನ್ಯಾಗ ರೊಟ್ಟಿ ಮಾಡವ್ರಿಲ್ಲ ಅನಸ್ತೈತಿ ಪಾಪ," ಎಂದು ಅತ್ತಿಯವರು ಅವರನ್ನು ಕ್ಷಮಿಸಿದರು. ನಮ್ಮ ಬಸ್ಸು ಹೋಯಿತು. ಬಳೆ ಅಂಗಡಿಯವಳು ಕುಡಿಯಲು ನೀರು ಕೊಟ್ಟಳು. ಮುಂದಿನ ಬಸ್ಸೂ ಹೋಯಿತು.

ಬಿಸಿಲು ಕಟ್ಟೆಯ ಮೇಲೆ ಬರುವ ಹೊತ್ತಿಗೆ ಇಳಕಲ್ ಸೀರೆಯುಟ್ಟ, ಅತ್ತಿಯವರ ಓರಗೆಯ ಒಬ್ಬ ಹೆಂಗಸು ಬಂದು ಎಣ್ಣೆ, ಬೆಲ್ಲ ತೂಗಿಸಿದಳು. ಹೊರಡುವವಳು ನಿಂತು, ಖಾನೆಯಿಂದ ಒಂದು ಪಾಕೀಟು ತೆಗೆದಳು. ಕಣ್ಣಿನ ಹತ್ತಿರ ಒಯ್ದಳು, ದೂರ ಹಿಡಿದಳು, ಮೂಗಿನ ಹತ್ತಿರ ಒಯ್ದಳು. ಅಂಗಡಿಯವರು ಏನೋ ಹೇಳಿ ನಕ್ಕರು. ಆಕೆ ಪಾಕೀಟನ್ನು ಬೆಲ್ಲದ ಮೇಲೆ ಹಾಕಿಕೊಂಡು ಮೆಟ್ಟಿಲು ಇಳಿದು, ನಮ್ಮ ಮುಂದೆಯೇ ಹಾದು ಹೋದಳು. ಅತ್ತಿಯವರು ಆಕೆಯನ್ನು ಮಾತಾಡಿಸಲಿಲ್ಲ. ಆಕೆ ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು.

ಆಮೇಲೆ ಎದ್ದು ಸೀರೆ ಜಾಡಿಸಿಕೊಂಡು, ಖಾಲಿ ಚೀಲ ಬಗಲಿಗೆ ಹಾಕಿಕೊಂಡರು.

"ನಡಿ ಯವ್ವಾ," ಎಂದರು. "ಎಷ್ಟೊತ್ತು ಕೂಡ್ತಿ? ಬಸ್ ತಪ್ತೈತಿ."